ಕೆಲ್ತುಮ್ ಬರೆದ ತಲೆಯಿಲ್ಲದ ಕಾಗದ

ಲೆಬಾಯ್ ಸೆನಿಕ್ ತೀರಿಕೊಂಡು ನಲವತ್ತು ವರ್ಷ ದಾಟಿದೆ. ಆದರೂ ಕೆಲ್ತುಮ್ ಶುಕ್ರವಾರದ ನಮಾಜು ಮುಗಿಸಿ ಸತ್ತವರಿಗಾಗಿ ಕೈಯೆತ್ತಿದಾಗ, ಅಪ್ಪ ಅಮ್ಮನ ಹೆಸರಿನ ಬೆನ್ನಿಗೇ ಅವರ ಹೆಸರು ಬರುತ್ತದೆ. ಅವರೇನು ರಕ್ತಸಂಬಂಧಿಯಲ್ಲ. ಊರವರಿಗೆಲ್ಲ ಕಾಗದ ಬರೆದುಕೊಡುತ್ತಿದ್ದ ಮುದುಕ, ಅಷ್ಟೇ.

ಜಪಾನಿನವರು ಬಿಟ್ಟುಹೋಗಿ ಏಳೆಂಟು ವರ್ಷವಾಗಿದ್ದ ಕಾಲ ಅದು. ಟ್ರೆಂಗಾನು ಸೀಮೆಯ ಕಡಲಂಚಿನ ಕ್ವಾಲಾ ಬಕುಂಗ್‌ನಲ್ಲಿ ಗಂಡಸರು ಅರ್ಧಕ್ಕರ್ಧ ಊರಲ್ಲಿ ಇರುತ್ತಿರಲಿಲ್ಲ. ಮೀನು ಸಿಕ್ಕುವಷ್ಟು ದಿನ ದೋಣಿ, ಇಲ್ಲವಾದರೆ ಸಿಂಗಾಪುರದ ಹಡಗುಕಟ್ಟೆ. ಅವರಿಗೆ ಹೆಂಗಸರು ಬರೆಸುವ ಕಾಗದಗಳೆಲ್ಲ ಹುಟ್ಟುತ್ತಿದ್ದದ್ದು ಲೆಬಾಯ್ ಸೆನಿಕ್ ಅವರ ಜಗಲಿಯಲ್ಲಿ, ಸೋಮವಾರ ಮಧ್ಯಾಹ್ನ. ಅವರು ಊರ ಹುಡುಗರಿಗೂ ಹುಡುಗಿಯರಿಗೂ ಕುರಾನ್ ಓದಿಸಿದ ಮೇಷ್ಟ್ರು, ಲೆಬಾಯ್ ಅನ್ನುವ ಮರ್ಯಾದೆಯ ಹೆಸರು ಅದಕ್ಕೇ ಬಂದದ್ದು. ಹತ್ತು ಹದಿನೈದು ಹೆಂಗಸರು ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತು ವೀಳ್ಯ ಜಗಿಯುತ್ತ ಸರದಿ ಕಾಯುತ್ತಿದ್ದರು. ಒಬ್ಬಳು ಬಾತುಕೋಳಿ ಮೊಟ್ಟೆ ತಂದರೆ ಇನ್ನೊಬ್ಬಳು ಒಣಮೀನು. ಒಬ್ಬಳ ಕಾಗದ ಬರೆಯುವಾಗ ಮಿಕ್ಕವರ ಕಿವಿಯೆಲ್ಲ ಅದರ ಒಳಗೇ.

ಲೆಬಾಯ್ ಅವರ ಕಾಗದಕ್ಕೆ ಒಂದು ಶಿಸ್ತಿತ್ತು. ಮೊದಲು ಹೊಗಳಿಕೆ. ಮಳೆ ತೊಳೆದ ಬಿಳಿಯ ಹೃದಯದಿಂದ ಹೊರಟ ಈ ಓಲೆ, ಸೂರ್ಯಚಂದ್ರರು ದಾರಿ ತಪ್ಪದೆ ನಡೆಯುವ ತನಕ ಬಾಳಬೇಕಾದ ನಿಮ್ಮ ಪಾದದ ಬಳಿ ಬಂದು ಕೂರಲಿ, ಕಡಲಗಾಳಿ ನಿಮ್ಮ ಕೂದಲೂ ಕೊಂಕಿಸದಿರಲಿ, ಹೀಗೆ ಮುಕ್ಕಾಲು ಪುಟ. ಗಂಡ ಹಡಗುಕಟ್ಟೆಯಲ್ಲಿ ಅಕ್ಕಿಮೂಟೆ ಹೊರುವವನಾದರೂ ಅವನಿಗೆ ಸುಲ್ತಾನನ ಮರ್ಯಾದೆ. ಹೊಗಳಿಕೆ ಮುಗಿದು ವಿಷಯಕ್ಕೆ ಕಾಲಿಡುವ ಹೊಸ್ತಿಲಲ್ಲಿ ಒಂದು ಪದ: ವಬಕ್ದು. ಅರಬ್ಬಿಯಿಂದ ಬಂದದ್ದು, ‘ಇನ್ನು ಇದಾದ ಮೇಲೆ’ ಎಂದರ್ಥ. ಕನ್ನಡದ ಹಳೆಯ ಕಾಗದಗಳಲ್ಲಿ ‘ಉಭಯ ಕುಶಲೋಪರಿ’ ಎಂದು ಬರೆದು ಗಂಟಲು ಸರಿಮಾಡಿಕೊಳ್ಳುತ್ತಿದ್ದರಲ್ಲ, ಅದೇ ಜಾಗ, ಅದೇ ಕೆಲಸ. ಲೆಬಾಯ್ ಲೇಖನಿಯೆತ್ತಿ, “ವಬಕ್ದು. ಹ್ಞೂಂ, ಈಗ ಹೇಳು” ಎಂದರೆ ಹೆಂಗಸು ತನ್ನ ಮಾತು ಹೇಳಬೇಕು. ಉಳಿದಿರುವುದು ನಾಲ್ಕು ಬೆರಳಗಲದ ಜಾಗ. ಆಡು ಮರಿ ಹಾಕಿತು, ಚಾವಣಿಯ ಗರಿ ಹಾರಿತು, ಸೀಮೆಎಣ್ಣೆಗೆ ಏನಾದರೂ ಕಳಿಸಿ. ಮುಗಿಯಿತು.

ಊರಿನ ಬಾಯಲ್ಲಿ ಆ ಪದ ಕಾಗದದಿಂದ ಎದ್ದು ಓಡಾಡುತ್ತಿತ್ತು. ಸುತ್ತಿಬಳಸಿ ಮಾತಾಡುವವನಿಗೆ, “ಅಣ್ಣಾ, ವಬಕ್ದುಗೆ ಬಾರೋ, ಅನ್ನ ಆರ್‍ತದೆ” ಎನ್ನುತ್ತಿದ್ದರು. ಹೆಣ್ಣು ನೋಡಲು ಬಂದವರು ಒಂದು ಗಂಟೆ ಮಳೆ ಬೆಳೆ ಮಾತಾಡಿದರೆ ಒಳಗಿನಿಂದ ಮುದುಕಿಯರು, “ಇವರ ವಬಕ್ದು ಇನ್ನೂ ದೋಣೀಲೇ ಇದೆ” ಎಂದು ನಗುತ್ತಿದ್ದರು.

ಕೆಲ್ತುಮ್‌ಗೆ ಆಗ ಇಪ್ಪತ್ತೆಂಟು. ಗಂಡ ದೆರಾಮನ್ ಸಿಂಗಾಪುರಕ್ಕೆ ಹೋಗಿ ಹನ್ನೊಂದು ತಿಂಗಳು. ಮನೆಯಲ್ಲಿ ಅವಳು ಮತ್ತು ದೆರಾಮನ್‌ನ ತಾಯಿ ಮಾ ಎಸಾ, ಇಬ್ಬರೇ. ಮೂರನೆಯದೊಂದು ಜೀವ ಇತ್ತು, ಎರಡು ವರ್ಷದ ಗಂಡುಮಗು. ಒಂದು ಸಂಜೆ ದೆರಾಮನ್ ಹೊಳೆಯಾಚೆ ತೊಗಲುಗೊಂಬೆ ಆಟಕ್ಕೆ ಹೋದ. ಹೋಗುವಾಗ ಮಗು ಅವನ ಹೆಗಲ ಮೇಲೆ ಕೂತು, ಕಂಬಗಳ ಮೇಲೆ ನಿಂತ ಆ ಮನೆಯ ಏಣಿಯ ತನಕ ಬಂದಿತ್ತು. ಅವನು ತಿರುಗಿ ಬರುವಷ್ಟರಲ್ಲಿ ಜ್ವರ ಏರಿ ಸೆಟೆದು ಹೋಗಿಬಿಟ್ಟಿತ್ತು. ಮಣ್ಣು ಮಾಡಿ ಬಂದ ದಿನ ಕೆಲ್ತುಮ್ ಏಣಿಯ ಮೇಲೆ ನಿಂತು ಅವನಿಗೆ ಅಂದಳು: “ನನ್ ಮಗು ಉರೀತಿದ್ದಾಗ ನೀನು ಗೊಂಬೆ ನೋಡ್ತಾ ಕೂತಿದ್ದೆ. ಇನ್ನು ಈ ಏಣಿ ಹತ್ತಬೇಡ.” ಅವನು ಹತ್ತಲಿಲ್ಲ. ಮೂರು ದಿನ ದೋಣಿಮನೆಯಲ್ಲಿ ಮಲಗಿದ್ದು ಹಡಗು ಹಿಡಿದ.

ಅಂದದ್ದು ತಪ್ಪೆಂದು ಅವಳಿಗೆ ಅನ್ನುವಾಗಲೇ ಗೊತ್ತಿತ್ತು. ಆದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಲ್ಲಿ? ಜಗಲಿಯಲ್ಲಿ ಹದಿನೈದು ಜನರ ಮುಂದೆಯೇ? ಪ್ರತಿ ತಿಂಗಳೂ ಹೋಗಿ ಕೂತಳು. “ವಬಕ್ದು. ಹೇಳು ತುಮ್” ಎಂದಾಗ ಪ್ರತಿ ಸಲವೂ, “ನಾವೆಲ್ಲ ಚೆನ್ನಾಗಿದ್ದೀವಿ” ಎಂದಳು. ಅವನಿಂದಲೂ ಹಾಗೇ ಬಂತು: ನಾನೂ ಚೆನ್ನಾಗಿದ್ದೇನೆ, ಅಮ್ಮನಿಗೆ ಸಲಾಂ.

ಹಿಂಗಾರಿನ ಮಳೆಗೆ ಮುಂಚೆ ಬಂದ ಕಾಗದ ಬೇರೆ ಥರ ಇತ್ತು. ದೆರಾಮನ್ ಹುಡುಗನಾಗಿದ್ದಾಗ ಲೆಬಾಯ್ ಅವರ ಹತ್ತಿರವೇ ಬರೆಯಲು ಕಲಿತವನು, ಬರೆದದ್ದು ಸ್ಫುಟವಾಗಿತ್ತು. ದಕ್ಷಿಣದ ನಡುಗಡಲಲ್ಲಿ ಕ್ರಿಸ್‌ಮಸ್ ದ್ವೀಪ ಅಂತಿದೆ, ಅಲ್ಲಿನ ಗಣಿಗೆ ಜನ ತಗೊಳ್ಳುತ್ತಿದ್ದಾರೆ, ಕರಾರು ಮೂರು ವರ್ಷದ್ದು, ನಡುವೆ ಬರುವ ಹಾಗಿಲ್ಲ. ತಿಂಗಳ ಕೊನೆಗೆ ರುಜು ಹಾಕಬೇಕು. ನಿನಗೆ ಏನಾದರೂ ಹೇಳುವುದಿದ್ದರೆ ಅಷ್ಟರೊಳಗೆ ಬರೆಸು.

ಕೆಲ್ತುಮ್ ಅದನ್ನು ಮೂರು ಸಲ ಓದಿದಳು. ಓದಲು ಅವಳಿಗೆ ಬರುತ್ತಿತ್ತು, ಕಾಗದದ ಅಕ್ಷರವೂ ಕುರಾನಿನ ಅಕ್ಷರವೇ. ಬರೆಯಲು ಬರುತ್ತಿರಲಿಲ್ಲ. ಆ ಊರಲ್ಲಿ ಹುಡುಗಿಯರಿಗೆ ಕುರಾನ್ ಓದುವಷ್ಟು ಕಲಿಸಿ ಕೈಗೆ ಲೇಖನಿ ಕೊಡದೆ ಎಬ್ಬಿಸಿಬಿಡುತ್ತಿದ್ದರು. ಬರೆಯಲು ಕಲಿತರೆ ಯಾವನಿಗೋ ಕಾಗದ ಬರೆದು ಮನೆತನ ಕೆಡಿಸುತ್ತಾಳೆಂಬ ಭಯ. ಲೆಬಾಯ್ ಅವರೇ ಹಾಗೆ ಎಬ್ಬಿಸಿದವರು.

ಸೋಮವಾರ ಅವಳು ಜಗಲಿಗೆ ಹೋದಳು. ಪಕ್ಕದ ಮನೆಯ ಮೆಕ್ ಬುಂಗಾ ಆಗಲೇ ಮುಂದಿನ ಸಾಲಿನಲ್ಲಿ ಠಿಕಾಣಿ ಹೂಡಿದ್ದಳು. ಊರಿನ ಸುದ್ದಿಯೆಲ್ಲ ಅವಳ ಎಲೆಯಡಿಕೆ ಪೆಟ್ಟಿಗೆಯಲ್ಲೇ ಇರುವುದು.

ಲೆಬಾಯ್ ಹೊಗಳಿಕೆ ಬರೆದು ಮುಗಿಸಿದರು. “ವಬಕ್ದು. ಹೇಳು.”

ಕೆಲ್ತುಮ್ ಬಾಯಿ ತೆರೆದಳು. ಏನೂ ಬರಲಿಲ್ಲ.

“ಹೇಳಮ್ಮಾ, ಶಾಯಿ ಒಣಗ್ತದೆ.”

“ಹೇಳೇ ಮಾರಾಯ್ತಿ,” ಎಂದಳು ಮೆಕ್ ಬುಂಗಾ. “ನಾಚ್ಕೊಳ್ಳೋಕೆ ನಿಂದೇನು ಹೊಸಾ ಮದ್ವೆನಾ? ನಾವ್ಯಾರೂ ಕೇಳಿಸ್ಕೊಳ್ಳಲ್ಲ.”

“ನೀನು ಕೇಳಿಸ್ಕೊಳ್ಳಲ್ವಾ? ಹೊಳೆಯಾಚೆ ಕೆಮ್ಮಿದ್ರೆ ಯಾರ ಕೆಮ್ಮು ಅಂತ ಹೇಳೋಳು ನೀನು!” ಎಂದಳು ಹಿಂದಿನಿಂದ ಒಬ್ಬಳು. ಜಗಲಿ ನಕ್ಕಿತು.

ಕೆಲ್ತುಮ್ ನಗಲಿಲ್ಲ. ಕಣ್ಣಲ್ಲಿ ನೀರು ತುಂಬಿ ಚಾಪೆಯ ಮೇಲೆ ಬಿತ್ತು. ಲೆಬಾಯ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಮುದುಕನಿಗೆ ಏನು ಹೊಳೆಯಿತೋ, ಸರಕ್ಕನೆ ಸಿಡುಕಿದರು: “ಇವತ್ತು ನನ್ನ ಕೈ ನೋಯ್ತಾ ಇದೆ. ಎಲ್ರೂ ಏಳಿ. ಮುಂದಿನ್ ವಾರ.”

“ಅಯ್ಯೋ, ನನ್ ಮೊಟ್ಟೆ?” ಎಂದಳು ಮೆಕ್ ಬುಂಗಾ.

“ಮೊಟ್ಟೆ ಇಟ್ಟು ಹೋಗು, ಮುಂದಿನ್ ವಾರದ ಹೊತ್ಗೆ ಮರಿ ಆಗಿರ್‍ತದೆ.”

ಎಲ್ಲರೂ ಗೊಣಗುತ್ತ ಇಳಿದ ಮೇಲೆ ಲೆಬಾಯ್ ಬರೆದ ಹಾಳೆಯನ್ನು ಕೆಲ್ತುಮ್ ಕಡೆ ಸರಿಸಿದರು. “ವಬಕ್ದು ತನಕ ನಾನು ಬರ್‍ದಿದೀನಿ. ಅದರ ಮುಂದಿನದು ನಂಗೆ ಹೇಳೋ ಅಂಥಾದ್ದಲ್ಲ ಅಂತ ಗೊತ್ತಾಯ್ತು. ನೀನೇ ಬರಿ.”

“ಪಾಕ್ ಲೆಬಾಯ್, ನಂಗೆಲ್ಲಿ ಬರಿಯೋಕ್ ಬರ್‍ತದೆ?”

“ಓದೋಕೆ ಬರ್‍ತದಲ್ಲ. ಅಕ್ಷರದ ಮುಖ ಗುರುತಿದೆ. ಇನ್ನು ಕೈಗೆ ಹೇಳಿಕೊಡೋದಷ್ಟೇ.” ಅವರು ಇನ್ನೊಂದು ಹಾಳೆ ತೆಗೆದು ಅಕ್ಷರಗಳನ್ನೆಲ್ಲ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದರು. ಯಾವುದನ್ನು ಎಲ್ಲಿಂದ ಶುರುಮಾಡಬೇಕು ಎಂದು ಚುಕ್ಕೆಯಿಟ್ಟರು. ಒಂದು ಲೇಖನಿ, ಒಂದು ಖಾಲಿ ಹಾಳೆ, ತಳದಲ್ಲಿ ಶಾಯಿಯಿದ್ದ ಸೀಸೆ, ಎಲ್ಲವನ್ನೂ ಬಾಳೆಯೆಲೆಯಲ್ಲಿ ಸುತ್ತಿ ಕೊಟ್ಟರು. “ಯಾರಾದ್ರೂ ಕೇಳಿದ್ರೆ ಲೆಬಾಯ್ ಹೆಂಡ್ತಿ ಕಜ್ಜಾಯ ಕೊಟ್ಳು ಅನ್ನು. ಹದಿನೇಳು ವರ್ಷದ ಹಿಂದೆ ಕೊಡಬೇಕಾಗಿತ್ತು ಇದನ್ನ. ನಿನ್ನ ಎಬ್ಬಿಸಿ ಕಳ್ಸಿದ್ದು ತಪ್ಪು. ಹೋಗು.”

ರುಜುವಿಗೆ ಹದಿನಾಲ್ಕು ದಿನ ಉಳಿದಿತ್ತು. ಮಧ್ಯಾಹ್ನ ಮಾ ಎಸಾ ಗೊರಕೆ ಹೊಡೆಯುವಾಗ ಕೆಲ್ತುಮ್ ಒಲೆಯ ಮುಂದೆ ಕೂತು ಅಡಿಕೆ ಹಾಳೆಯ ಒಳಮೈಯ ಮೇಲೆ ಇದ್ದಿಲಿನಲ್ಲಿ ತಿದ್ದಿದಳು. ಬರೆದದ್ದನ್ನು ಆಮೇಲೆ ಒಲೆಗೆ ಹಾಕುತ್ತಿದ್ದಳು. ಬಲೆ ಹೆಣೆಯುವ ಬೆರಳು, ಮೀನು ಸಿಗಿಯುವ ಬೆರಳು, ಇಷ್ಟು ಸಣ್ಣ ಕೋಲಿಗೆ ನಡುಗುತ್ತಿತ್ತು. ಅವಳ ಅಕ್ಷರಗಳು ಏಡಿಗಳ ಹಾಗೆ ಅಡ್ಡಡ್ಡ ನಡೆದವು. ಎಂಟನೆಯ ದಿನಕ್ಕೆ ಅವು ನಿಂತಲ್ಲಿ ನಿಂತವು.

ಒಂದು ಸಲ ಮಾ ಎಸಾ ಎದ್ದುಬಂದು, “ಮುಖಕ್ಕೆಲ್ಲ ಇದ್ದಿಲು ಮೆತ್ಕೊಂಡು ಏನ್ ಮಾಡ್ತಿದೀಯೇ?” ಎಂದಳು.

“ಪಾತ್ರೆ ಉಜ್ತಿದ್ದೆ, ಮಾ.”

“ಪಾತ್ರೆ ನಿನ್ನನ್ನ ಉಜ್ಜಿದ ಹಾಗಿದೆ” ಎಂದು ಮುದುಕಿ ಮತ್ತೆ ಹೋಗಿ ಮಲಗಿದಳು.

ಒಂಬತ್ತನೆಯ ದಿನ ಲೆಬಾಯ್ ಕೊಟ್ಟ ಕಾಗದವನ್ನು ಬಿಡಿಸಿದಳು. ಮೇಲೆ ಮುತ್ತಿನಂಥ ಹೊಗಳಿಕೆ, ಕೆಳಗೆ ನಾಲ್ಕು ಬೆರಳು ಜಾಗ. ಅವಳ ಅಕ್ಷರಕ್ಕೆ ಅಲ್ಲಿ ಮೂರು ಪದವೂ ಹಿಡಿಯುವಂತಿರಲಿಲ್ಲ. ಉಳಿದದ್ದು ಖಾಲಿ ಹಾಳೆ ಒಂದೇ. ಅದರಲ್ಲಿ ಹೊಗಳಿಕೆ ನಕಲು ಮಾಡಲು ಹೋದರೆ ಮಾತಿಗೆ ಎಡೆಯಿಲ್ಲ, ಮಾತು ಬರೆದರೆ ಹೊಗಳಿಕೆಗೆ ಎಡೆಯಿಲ್ಲ. ಮುಖ್ಯವಾದದ್ದು ವಬಕ್ದು ಆದ ಮೇಲೆ ತಾನೇ ಬರುವುದು, ಅದರಿಂದಲೇ ಶುರುಮಾಡಿದರಾಯಿತು ಎಂದುಕೊಂಡಳು. ಹಾಳೆಯ ನೆತ್ತಿಯಲ್ಲೇ ‘ವಬಕ್ದು’ ಎಂದು ಬರೆದು ಕೆಳಗೆ ತನ್ನ ಮಾತು ತುಂಬಿದಳು. ಲಕೋಟೆಯ ಮೇಲೆ ಅವನ ವಿಳಾಸವನ್ನು ಅವನ ಕಾಗದ ನೋಡಿಯೇ ಚಿತ್ರ ಬರೆದ ಹಾಗೆ ಬರೆದಳು. ಮೂರು ಮೈಲಿ ನಡೆದು ಪೇಟೆಯಲ್ಲಿ ಅಂಚೆಗೆ ಹಾಕಿದಳು. ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗು ಅದನ್ನು ಹೊತ್ತುಕೊಂಡು ಹೋಯಿತು.

ಮರುದಿನ ಹೆಮ್ಮೆಯಿಂದ ಲೆಬಾಯ್ ಅವರ ಮನೆಗೆ ಹೋಗಿ, “ಹಾಕ್ಬಿಟ್ಟೆ” ಎಂದಳು.

“ಭೇಷ್! ಜಾಗ ಸಾಕಾಯ್ತಾ?”

“ನಿಮ್ಮ ಹಾಳೇಲಿ ಬರೀಲಿಲ್ಲ. ಖಾಲಿದ್ರಲ್ಲಿ ಬರ್‍ದೆ. ಹೊಗಳಿಕೆ ಬಿಟ್ಟು ನೇರ ವಬಕ್ದು ಇಂದ.”

ಲೆಬಾಯ್ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟರು. “ತಲೆ ಇಲ್ದೆ ಕಳಿಸ್ದೆಯಾ?”

“ಯಾಕೆ, ತಪ್ಪಾ?”

“ಅಮ್ಮಾ, ತಲೆ ಇಲ್ಲದ ಕಾಗದ ಯಾವಾಗ ಕಳಿಸ್ತಾರೆ ಗೊತ್ತಾ? ಮನೇಲಿ ಸಾವಾದಾಗ. ಹೆಣ ಮನೇಲಿರುವಾಗ ಹೊಗಳಿಕೆ ಬರೀಬಾರ್‍ದು ಅಂತ, ಮೊದಲ ಪದವೇ ವಬಕ್ದು. ಅದನ್ನ ಕಂಡವನು ಮುಂದಿಂದು ಓದೋಕ್ಕೆ ಮುಂಚೆ ಎದೆ ಬಡ್ಕೋತಾನೆ.”

ಕೆಲ್ತುಮ್‌ಳ ಮನೆಗೆ ಸಾವಿನ ಕಾಗದ ಎಂದೂ ಬಂದಿರಲಿಲ್ಲ. ಅವಳು ಕಂಡ ಸಾವು ಒಂದೇ, ಅದು ಮಡಿಲಲ್ಲೇ ಆದದ್ದು. ಅಲ್ಲೇ ನೆಲಕ್ಕೆ ಕುಸಿದಳು. ಲೆಬಾಯ್ ತಾವೇ ಛತ್ರಿ ಹಿಡಿದು ಮೂರು ಮೈಲಿ ನಡೆದರು, ತಂತಿ ಕೊಡೋಣವೆಂದು. ಗಾಳಿಗೆ ತಂತಿಕಂಬ ಉರುಳಿತ್ತು. ಎಪ್ಪತ್ತರ ಮುದುಕ ತೋಯ್ದು ತೊಪ್ಪೆಯಾಗಿ ಬಂದರು. ಒಂದು ಮಾತೂ ಬೈಯಲಿಲ್ಲ. “ಓದ್ತಾನೆ ಬಿಡು. ಮುಂದಿನ ಸಾಲು ಓದೇ ಓದ್ತಾನೆ” ಎಂದರು. ತಾವು ನಂಬದಿದ್ದದ್ದನ್ನು ಅವಳು ನಂಬಲಿ ಎಂದು ಹೇಳಿದ್ದು ಅದು. ಅವತ್ತಿನ ಆ ಒದ್ದೆ ಮುಖವನ್ನು ಕೆಲ್ತುಮ್ ಇವತ್ತಿಗೂ ಮರೆತಿಲ್ಲ.

ತಿಂಗಳು ಮುಗಿಯಿತು. ಮಳೆ ಹಿಡಿಯಿತು. ಕಡಲು ಕಂದಾಗಿ ಎದ್ದು ಅಂಗಳದ ತೆಂಗಿನ ಬುಡಕ್ಕೆ ಬಂತು. ರುಜು ಹಾಕಿಬಿಟ್ಟಿರುತ್ತಾನೆ, ಇಷ್ಟು ಹೊತ್ತಿಗೆ ನಡುಗಡಲಲ್ಲಿರುತ್ತಾನೆ ಎಂದು ಅವಳು ಮನಸ್ಸನ್ನು ಕಲ್ಲು ಮಾಡಿಕೊಳ್ಳುತ್ತಿದ್ದಳು. ಎರಡನೆಯ ವಾರ ಒಂದು ಬೆಳಿಗ್ಗೆ ಮೆಕ್ ಬುಂಗಾ ತನ್ನ ಕಿಟಕಿಯಿಂದಲೇ ಕೂಗಿದಳು: “ತುಮ್! ಏ ತುಮ್! ನಿನ್ ಗಂಡ ಅಳ್ತಾ ಬರ್‍ತಿದಾನೆ ಕಣೇ!”

ದೆರಾಮನ್ ಸೊಂಟದ ತನಕ ಕೆಸರು ಮೆತ್ತಿಕೊಂಡು ಅಂಗಳಕ್ಕೆ ಬಂದ. ಹಡಗು ನಿಂತಿದ್ದರಿಂದ ಲಾರಿ ಹಿಡಿದು, ಉಕ್ಕಿದ ಏಳು ಹೊಳೆ ದಾಟಿ, ಕೊನೆಯ ಎರಡು ದಿನ ನಡೆದೇ ಬಂದಿದ್ದ. ಕಂಕುಳಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ಗಂಟು. ಏಣಿಯ ತುದಿಯಲ್ಲಿ ಮಾ ಎಸಾ ಕೂತು ಅಡಿಕೆ ಕುಟ್ಟುತ್ತಿದ್ದಳು. ಅವನು ಅವಳನ್ನು ನೋಡಿ ಕಾಲು ಹೂತವನಂತೆ ನಿಂತ.

“ಮಾ... ನೀನು ಬದುಕಿದೀಯಾ?”

“ಯಾಕೋ, ಸಾಯ್ಬೇಕಾಗಿತ್ತಾ? ವರ್ಷ ತುಂಬೋ ಹೊತ್ಗೆ ಬಂದು ಕೇಳೋ ಮಾತು ನೋಡು!”

“ಹಾಗಾದ್ರೆ ತುಮ್? ತುಮ್ ಎಲ್ಲಿ?”

ಕೆಲ್ತುಮ್ ಬಾಗಿಲಿಗೆ ಬಂದಳು. ಅವನು ಕೆಸರಲ್ಲೇ ಕುಕ್ಕರಿಸಿದ. ಅಳುವೋ ನಗುವೋ ಗೊತ್ತಾಗದ ಒಂದು ಸದ್ದು ಬಂತು. “ಹಾಗಾದ್ರೆ ಸತ್ತಿದ್ಯಾರು? ಅಕ್ಷರ ಲೆಬಾಯ್ ಅವರದ್ದಲ್ಲ. ಊರಿಗೆ ಕಾಲರಾ ಬಂದು ಬರೆಯೋಕೆ ಅವರೂ ಉಳಿದಿಲ್ಲ ಅಂದ್ಕೊಂಡೆ. ಯಾರೋ ಕೈ ನಡುಗೋರು ಬರ್‍ದಿದಾರೆ ಅಂತ...”

“ಗಂಟಲ್ಲೇನೋ ಅದು?” ಎಂದಳು ಮಾ ಎಸಾ.

ಅವನು ಬಿಚ್ಚಿದ. ಐದು ಗಜ ಬಿಳೀ ಬಟ್ಟೆ, ಹೆಣಕ್ಕೆ ಹೊದಿಸುವಂಥದ್ದು, ಸಿಂಗಾಪುರದ ಒಳ್ಳೇ ಮಾಲು. ಮುದುಕಿ ಇಳಿದುಬಂದು ಬೆರಳಲ್ಲಿ ಉಜ್ಜಿ ನೋಡಿದಳು. “ನಂಗೇ ಅಂತ ತಂದಿದೀಯಾ ತಾನೇ? ನಯವಾಗಿದೆ. ನಮಾಜಿನ ಬುರುಕಿ ಹೊಲಿಸ್ಕೋತೀನಿ. ಸಾಯೋದು ಆಮೇಲೆ ನೋಡೋಣ” ಎಂದು ಮಡಿಸಿ ಒಳಗೆ ಒಯ್ದಳು.

ಇಬ್ಬರೇ ಉಳಿದರು, ಅವನು ಅಂಗಳದಲ್ಲಿ, ಅವಳು ಬಾಗಿಲಲ್ಲಿ. ದೆರಾಮನ್ ಎದ್ದು ನಿಂತ. ಗಾಬರಿ ಇಳಿದ ಜಾಗಕ್ಕೆ ಸಿಟ್ಟು ಹತ್ತತೊಡಗಿತ್ತು. “ರುಜು ಹಾಕೋ ದಿನ ಸಾಲಲ್ಲಿ ನಿಂತಿದ್ದೆ. ಆಗ ಬಂತು ನಿನ್ನ ಕಾಗದ. ಹಡಗು ನನ್ನ ಬಿಟ್ಟು ಹೋಯ್ತು. ಯಾರೂ ಸತ್ತಿಲ್ಲ ಅಂದ್ರೆ ಇದನ್ನ್ಯಾಕೆ ಬರೆಸ್ದೆ?”

“ಬರೆಸ್ಲಿಲ್ಲ. ಬರ್‍ದೆ.”

“ಏನು?”

“ನಾನೇ ಬರ್‍ದೆ. ಪೂರ್ತಿ ಓದ್ಲಿಲ್ವಾ ನೀನು?”

“ಮೊದಲ ಪದ ನೋಡಿ ಮಡಿಸ್ದೋನು ಮತ್ತೆ ಬಿಚ್ಚಿಲ್ಲ. ಓದೋ ಎದೆ ಎಲ್ಲಿತ್ತು ನಂಗೆ?”

ಅವನು ಬಂದದ್ದು ಸಾವಿಗೆ, ತನ್ನ ಮಾತಿಗಲ್ಲ ಎಂದು ಕೆಲ್ತುಮ್‌ಗೆ ಆಗ ತಿಳಿಯಿತು. ಆ ಮಾತು ಇನ್ನೂ ಅವನನ್ನು ಮುಟ್ಟಿಯೇ ಇಲ್ಲ. ಈಗ ಸುಮ್ಮನಾದರೆ ಅವನು ಹೀಗೇ ತಿರುಗಿ ಹೋಗುತ್ತಾನೆ, ಏಣಿಯ ಕೆಳಗಿನಿಂದಲೇ. ಅವಳು ಕೆಳಗಿಳಿದು ಕೈಚಾಚಿದಳು. ಅವನು ಸೊಂಟದ ಪಟ್ಟಿಯಿಂದ ಕಾಗದ ತೆಗೆದುಕೊಟ್ಟ. ಬೆವರಿಗೆ ಶಾಯಿ ಅಲ್ಲಲ್ಲಿ ಹರಡಿತ್ತು. ಎದುರು ಕಿಟಕಿಯಲ್ಲಿ ಮೆಕ್ ಬುಂಗಾ ಇದ್ದಾಳೆಂದು ಗೊತ್ತಿತ್ತು, ಇರಲಿ ಎನ್ನಿಸಿತು. ಸಣ್ಣ ಮಕ್ಕಳು ಓದುವ ಹಾಗೆ, ಒಂದೊಂದು ಪದಕ್ಕೂ ಬೆರಳಿಟ್ಟು, ಗಟ್ಟಿಯಾಗಿ ಓದಿದಳು:

“ವಬಕ್ದು. ಮಗು ಹೋದ ದಿನ ನಾನು ಅಂದದ್ದು ಸುಳ್ಳು. ನೀನು ಮನೆಯಲ್ಲಿದ್ದರೂ ಅದು ಉಳಿಯುತ್ತಿರಲಿಲ್ಲ. ಗೊತ್ತಿದ್ದೂ ಅಂದೆ. ನನ್ನ ನೋವನ್ನು ಯಾರ ತಲೆಗಾದರೂ ಹಾಕಬೇಕಿತ್ತು, ಹತ್ತಿರ ನೀನಿದ್ದೆ. ಬಾ. ಏಣಿ ಹತ್ತು.”

ದೆರಾಮನ್ ಕಾಗದವನ್ನು ತೆಗೆದುಕೊಂಡು ಮಡಿಸಿ ಮತ್ತೆ ಸೊಂಟದ ಪಟ್ಟಿಗೆ ಸಿಕ್ಕಿಸಿದ. ಆಮೇಲೆ, “ನಾನೂ ಅದನ್ನೇ ಅಂದ್ಕೋತಿದ್ದೆ ದಿನಾ. ಆಟಕ್ಕೆ ಹೋಗ್ದೆ ಇದ್ದಿದ್ರೆ ಅಂತ” ಎಂದ. ಏಣಿಯ ಬುಡದ ಹಂಡೆಯಿಂದ ಚಿಪ್ಪಿನಲ್ಲಿ ನೀರು ಮೊಗೆದು ಒಂದು ಕಾಲು ತೊಳೆದುಕೊಂಡ. ಇನ್ನೊಂದು ಕಾಲಿಗೆ ಕೆಲ್ತುಮ್ ಹೊಯ್ದಳು. ಅವನು ಹತ್ತಿದ.

ಆ ಮಳೆಗಾಲ ಪೂರ್ತಿ ದೆರಾಮನ್ ಲೆಬಾಯ್ ಅವರ ಚಾವಣಿಗೆ ಗರಿ ಹೊದಿಸಿದ. ಅವರು ಕೆಳಗೆ ಕೂತು, “ಅಲ್ಲಿ ಸೋರ್‍ತದೆ, ಇಲ್ಲಿ ಸೋರ್‍ತದೆ” ಎಂದು ಸುಳ್ಳು ಸುಳ್ಳೇ ತೋರಿಸಿ ಅವನನ್ನು ಮಾತಿಗೆ ಹಿಡಿದುಕೊಳ್ಳುತ್ತಿದ್ದರು. ಕೆಲ್ತುಮ್‌ಗೆ ಅವರಿಗೊಂದು ಕೃತಜ್ಞತೆ ಹೇಳಬೇಕಿತ್ತು. ಎದುರು ಹೋದರೆ ಬಾಯಿ ಕಟ್ಟುತ್ತಿತ್ತು. ಕೊನೆಗೆ ನಲವತ್ತು ಹೆಜ್ಜೆ ಆಚೆಯ ಮನೆಗೆ ಕಾಗದ ಬರೆದಳು: ನೀವು ಲೇಖನಿ ಕೊಡದಿದ್ದರೆ ನನ್ನ ಮನೆ ಇರುತ್ತಿರಲಿಲ್ಲ. ಮಳೆಯಲ್ಲಿ ನಡೆದಿರಿ. ನಿಮ್ಮ ಋಣ ನನ್ನ ಮಕ್ಕಳ ಮೇಲೂ ಇರಲಿ. ಗಂಡನ ಕೈಯಲ್ಲಿ ಕಳಿಸಿದಳು.

ಮರುದಿನ ಅದೇ ಕೈಯಲ್ಲಿ ಉತ್ತರ ಬಂತು. ಹಾಳೆಯ ಎರಡೂ ಮಗ್ಗುಲು ಹೊಗಳಿಕೆ. ಕೆಲ್ತುಮ್ ಎಂಬ ಹೆಸರಿನ ಮುಂದೆ, ಸುಲ್ತಾನನ ಮನೆಯವರಿಗೆ ಬರೆಯುವ ಹಾಗೆ, ಅಷ್ಟೂ ಬಿರುದು. ಎಲ್ಲಕ್ಕೂ ಕೆಳಗೆ: ‘ವಬಕ್ದು. ನಾಳೆಯಿಂದ ನನ್ನ ಮೊಮ್ಮಗಳಿಗೆ ಲೇಖನಿ ಹಿಡಿಸುತ್ತೇನೆ. ನೀನೂ ಬಂದು ಪಕ್ಕದಲ್ಲಿ ಕೂರು. ನಿನ್ನ ನೂನ್ ಅಕ್ಷರದ ಹೊಟ್ಟೆ ಇನ್ನೂ ಸೊಟ್ಟ.’

ಅವಳ ಹೆಸರಿಗೆ ಅಷ್ಟು ಮರ್ಯಾದೆ ಕೊಟ್ಟ ಕಾಗದ ಅದೇ ಮೊದಲು. ಒಲೆಯ ಮುಂದೆ ಕೂತು ಮತ್ತೆ ಮತ್ತೆ ಓದಿದಳು. “ತುಮ್!” ಎಂದು ಮಾ ಎಸಾ ಒಳಗಿನಿಂದ ಅರಚಿದಳು. “ಅನ್ನ ಸೀದು ವಾಸನೆ ಹೊಳೆ ದಾಟ್ತಾ ಇದೆ, ಮೂಗಿಲ್ವೇನೇ ನಿಂಗೆ?”